ಒಂದು ಸಿಮ್ ಕಾರ್ಡ್, ಒಬ್ಬ ಡಾಕ್ಟರ್ ಮತ್ತು ಉತ್ತರ ಹೇಳಬೇಕಾದ ಸರಕಾರಗಳು

ಸಹೋದರಿಯರೇ, ನಿಮ್ಮ ಮನೆಯ ಅಲ್ಮೇರಾವನ್ನೊಮ್ಮೆ ತೆರೆದು ನೋಡಿ. ಹಳೆಯ ರೇಷನ್ ಕಾರ್ಡು, ಮಕ್ಕಳ ಟಿ.ಸಿ., ನಿಕಾಹ್‌ನಾಮಾ ಇವುಗಳ ನಡುವೆ ಒಂದೆರಡು ಹಳೆಯ ಸಿಮ್ ಕಾರ್ಡುಗಳೂ ಬಿದ್ದಿರಬಹುದು. ಅವುಗಳಲ್ಲಿ ಕೆಲವು ನಿಮ್ಮ ಹೆಸರಿನವು, ಕೆಲವು ಭಾವನ ಹೆಸರಿನವು, ಇನ್ನು ಕೆಲವು ಯಾರ ಹೆಸರಿನವು ಎಂಬುದೇ ಮರೆತುಹೋಗಿರಬಹುದು. ನಮ್ಮ ಮನೆಗಳಲ್ಲಿ ಸಿಮ್ ಎಂದರೆ ಸ್ವೆಟರ್ ಇದ್ದ ಹಾಗೆ. ದೊಡ್ಡವನಿಗೆ ಸಾಕಾದದ್ದು ಚಿಕ್ಕವನಿಗೆ.

ಮೊನ್ನೆ ಗುಬ್ಬಿಯಲ್ಲಿ ಒಬ್ಬರ ಮನೆಯಲ್ಲಿ ಹೆಂಗಸರ ವಾರದ ಇಜ್ತಿಮಾ ಇತ್ತು. ತುಮಕೂರಿನಿಂದ ಬಸ್ಸಿನಲ್ಲಿ ಹೋಗಿದ್ದೆ. ಪಾಠ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಒಬ್ಬ ತಾಯಿ ಹತ್ತಿರ ಬಂದು ಕೂತರು. "ಆಪಾ, ನನ್ನ ಮಗ ಮುಂದಿನ ತಿಂಗಳು ದುಬೈಗೆ ಹೋಗ್ತಾನೆ. ಅವನ ಸಿಮ್ಮಲ್ಲಿ ಇನ್ನೂ ಎರಡು ತಿಂಗಳ ರೀಚಾರ್ಜ್ ಇದೆ. ಕುಣಿಗಲ್ಲಲ್ಲಿರೋ ನನ್ನ ತಂಗಿ ಮಗನಿಗೆ ಕೊಟ್ಟು ಹೋಗ್ತೀನಿ ಅಂತಾನೆ. ಕೊಡಬಹುದಾ?" ಎಂದು ಕೇಳಿದರು. ಪಕ್ಕದಲ್ಲಿದ್ದವರು ನಕ್ಕರು. ಇದನ್ನೂ ಆಪಾರನ್ನು ಕೇಳಬೇಕೇ ಎಂದು ಅವರ ನಗು. ನನಗೆ ಮಾತ್ರ ನಗು ಬರಲಿಲ್ಲ. 2007ರ ಜುಲೈ ತಿಂಗಳು ಕಣ್ಣ ಮುಂದೆ ಬಂತು.

ನಿಮ್ಮಲ್ಲಿ ಹಿರಿಯರಿಗೆ ಆ ಹೆಸರು ನೆನಪಿರಬಹುದು. ಡಾ. ಮುಹಮ್ಮದ್ ಹನೀಫ್. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯ ಹುಡುಗ. ತಂದೆ ಶಾಲಾ ಶಿಕ್ಷಕರು. ಹುಡುಗ ಪ್ರಾಯಕ್ಕೆ ಬರುವಷ್ಟರಲ್ಲಿ ತಂದೆ ತೀರಿಹೋದರು. ಬೆಂಗಳೂರಿನ ಅಂಬೇಡ್ಕರ್ ಮೆಡಿಕಲ್ ಕಾಲೇಜಿನಲ್ಲಿ ಓದಿ ಡಾಕ್ಟರಾಗಿ, ಇಂಗ್ಲೆಂಡಿನಲ್ಲಿ ಕೆಲಸ ಮಾಡಿ, 2006ರಲ್ಲಿ ಆಸ್ಟ್ರೇಲಿಯದ ಗೋಲ್ಡ್ ಕೋಸ್ಟ್ ಆಸ್ಪತ್ರೆಗೆ ಸೇರಿದರು. ಇಂಗ್ಲೆಂಡ್ ಬಿಡುವಾಗ ತಮ್ಮ ಮೊಬೈಲಿನ ಸಿಮ್ಮನ್ನು ಅಲ್ಲಿದ್ದ ಸಂಬಂಧಿಕ ಸಬೀಲ್ ಅಹ್ಮದ್‌ಗೆ ಕೊಟ್ಟು ಹೋದರು. ಅದರಲ್ಲಿ ಉಪಯೋಗಿಸದೆ ಉಳಿದ ನಿಮಿಷಗಳಿದ್ದವು. ನಮ್ಮ ಗುಬ್ಬಿಯ ಹುಡುಗ ಮಾಡಹೊರಟದ್ದನ್ನೇ ಅವರೂ ಮಾಡಿದ್ದರು.

ಒಂದು ವರ್ಷ ಕಳೆಯಿತು. 2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪನ್ನು ನುಗ್ಗಿಸಲಾಯಿತು. ಅದನ್ನು ಓಡಿಸಿದ ಕಫೀಲ್ ಅಹ್ಮದ್, ಸಬೀಲ್‌ನ ಅಣ್ಣ. ಸುಟ್ಟ ಗಾಯಗಳಿಂದ ಆಗಸ್ಟ್ 2ರಂದು ಆತ ಸತ್ತ. ಅದೊಂದು ನೀಚ ಕೃತ್ಯವಾಗಿತ್ತು. ಹೆಂಗಸರು, ಮಕ್ಕಳು ಸೂಟ್‌ಕೇಸ್ ಹಿಡಿದು ನಿಂತ ಜಾಗಕ್ಕೆ ಬೆಂಕಿ ಒಯ್ದವನ ಪರವಾಗಿ ಹೇಳಲು ಯಾವ ಮಾತೂ ಇಲ್ಲ. ಆದರೆ ಆ ಬೆಂಕಿಯ ಕಿಡಿ ಸಮುದ್ರ ದಾಟಿ ಹನೀಫ್‌ರ ಮೇಲೆ ಬಿತ್ತು.

ಜುಲೈ 2ರ ರಾತ್ರಿ ಅವರು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿದ್ದರು. ಬೆಂಗಳೂರಿನಲ್ಲಿ ಅವರ ಪತ್ನಿ ಫಿರ್ದೌಸ್ ಅರ್ಶಿಯಾ ಕೆಲವೇ ದಿನಗಳ ಹಿಂದೆ ಹೆಣ್ಣು ಮಗುವಿಗೆ ಜನ್ಮ ನೀಡಿದ್ದರು. ಮೊದಲ ಮಗು. ಅದನ್ನು ನೋಡಲು ರಜೆ ಹಾಕಿ ಹೊರಟಿದ್ದ ತಂದೆಯನ್ನು ಪೊಲೀಸರು ಬಂಧಿಸಿದರು. ಹೋಗುವ ಟಿಕೆಟ್ ಮಾತ್ರ ಇದೆ, ಬರುವ ಟಿಕೆಟ್ ಇಲ್ಲ ಎಂಬುದೇ ಅನುಮಾನಕ್ಕೆ ಒಂದು ಕಾರಣವಾಯಿತು. ಟಿಕೆಟ್ ತೆಗೆದುಕೊಟ್ಟವರು ಮಾವ. ಬರುವಾಗಿನದನ್ನು ಆಮೇಲೆ ನೋಡಿಕೊಳ್ಳೋಣ ಎಂದುಕೊಂಡಿದ್ದರು. ಬಾಣಂತಿ ಮಗಳ ಗಂಡನಿಗೆ ಮಾವ ಟಿಕೆಟ್ ತೆಗೆದುಕೊಡುವುದು ನಮಗೆ ಎಷ್ಟು ಸಹಜ! ಆ ಪೊಲೀಸರಿಗೆ ಅದು ಅರ್ಥವಾಗಲಿಲ್ಲ. ಅಂದು ಹೊರಡುವ ಮೊದಲು ಹನೀಫ್ ತಾವಾಗಿಯೇ ಬ್ರಿಟನ್ನಿನ ಪೊಲೀಸ್ ಅಧಿಕಾರಿಯೊಬ್ಬರಿಗೆ ಫೋನ್ ಮಾಡಲು ಮತ್ತೆ ಮತ್ತೆ ಯತ್ನಿಸಿದ್ದರು ಎಂಬುದನ್ನೂ ಯಾರೂ ಗಮನಕ್ಕೆ ತೆಗೆದುಕೊಳ್ಳಲಿಲ್ಲ.

ಯಾವ ಆರೋಪವನ್ನೂ ಹೊರಿಸದೆ 12 ದಿನ ಅವರನ್ನು ಇಟ್ಟುಕೊಂಡರು. ಅಲ್ಲಿನ ಭಯೋತ್ಪಾದನಾ ವಿರೋಧಿ ಕಾನೂನಿನಲ್ಲಿ ಒಂದು ವಿಚಿತ್ರ ಲೆಕ್ಕವಿತ್ತು. ವಿಚಾರಣೆಗೆ 24 ಗಂಟೆ ಮಾತ್ರ ಅವಕಾಶ. ಆದರೆ ಪೊಲೀಸರು ಪ್ರಶ್ನೆ ಕೇಳದ ಸಮಯವನ್ನು, ಅಂದರೆ ಊಟ, ನಿದ್ರೆ, ದಾಖಲೆ ಹುಡುಕುವ ಹೊತ್ತು ಇವನ್ನೆಲ್ಲ ಆ 24 ಗಂಟೆಗೆ ಸೇರಿಸುವಂತಿಲ್ಲ. ಹೀಗಾಗಿ 24 ಗಂಟೆ 12 ದಿನವಾಯಿತು. ಜುಲೈ 14ರಂದು ಆರೋಪ ಬಂತು: ಭಯೋತ್ಪಾದಕ ಸಂಘಟನೆಗೆ ಸಹಾಯ ಒದಗಿಸಿದ್ದು. ಯಾವ ಸಹಾಯ? ಸಿಮ್ ಕಾರ್ಡ್. ಆ ಸಿಮ್ ಗ್ಲಾಸ್ಗೋದಲ್ಲಿ ಉರಿದ ಜೀಪಿನಲ್ಲೇ ಸಿಕ್ಕಿತೆಂದು ಸರಕಾರಿ ವಕೀಲರು ನ್ಯಾಯಾಲಯಕ್ಕೆ ಹೇಳಿದರು. ವಾಸ್ತವದಲ್ಲಿ ಅದು ನೂರಾರು ಕಿಲೋಮೀಟರ್ ದೂರದ ಲಿವರ್‌ಪೂಲ್‌ನಲ್ಲಿ ಸಬೀಲ್‌ನ ಬಳಿ ಇತ್ತು. ಈ ಸತ್ಯವನ್ನು ಹೊರತಂದದ್ದು ಅಲ್ಲಿನ ಪತ್ರಕರ್ತರು.

ಜುಲೈ 16ರಂದು ಮ್ಯಾಜಿಸ್ಟ್ರೇಟರು ಹನೀಫ್‌ಗೆ ಜಾಮೀನು ಕೊಟ್ಟರು. ಅದಾಗಿ ಕೆಲವೇ ಗಂಟೆಗಳಲ್ಲಿ ಆಸ್ಟ್ರೇಲಿಯದ ವಲಸೆ ಸಚಿವ ಕೆವಿನ್ ಆಂಡ್ರ್ಯೂಸ್, ನಡತೆಯ ಕಾರಣ ಹೇಳಿ ಅವರ ವೀಸಾ ರದ್ದು ಮಾಡಿದರು. ನ್ಯಾಯಾಲಯ ಬಾಗಿಲು ತೆರೆದರೆ ಸಚಿವರು ಇನ್ನೊಂದು ಬೀಗ ಹಾಕಿದರು. ಹನೀಫ್ ಜೈಲಿನ ಒಂಟಿ ಕೋಣೆಯಲ್ಲೇ ಉಳಿದರು.

ಆಗ ನಾನು ತುಮಕೂರಿನಲ್ಲಿ ಪಾಠ ಮಾಡುತ್ತಾ ಅಂಚೆ ಶಿಕ್ಷಣದಲ್ಲಿ ಬಿ.ಎ. ಓದುತ್ತಿದ್ದೆ. ರಾಜ್ಯಶಾಸ್ತ್ರದ ಪುಸ್ತಕದಲ್ಲಿ ಅಧಿಕಾರ ವಿಭಜನೆ ಎಂಬ ಅಧ್ಯಾಯವಿತ್ತು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಬಾಯಿಪಾಠ ಮಾಡಿದ್ದೆನೇ ಹೊರತು ಅದರ ಅರ್ಥ ತಿಳಿದದ್ದು ಆ ವಾರ ಟಿವಿಯ ಮುಂದೆ ಕೂತಾಗ. ಪರದೆಯ ಮೇಲೆ ಅರ್ಶಿಯಾ ಮಗುವನ್ನು ಮಡಿಲಲ್ಲಿಟ್ಟುಕೊಂಡು ಮಾತನಾಡುತ್ತಿದ್ದರು. ನಮ್ಮ ಬೀದಿಯ ಹಿರಿಯ ಖಾಲಾ ಒಬ್ಬರು, "ಚಿಲ್ಲಾ ಕೂಡ ಕಳೆದಿಲ್ಲ, ಆ ಮಗೂನ ಕ್ಯಾಮೆರಾ ಮುಂದೆ ಕೂರಿಸಿದರಲ್ಲ" ಎಂದು ಕಣ್ಣೊರೆಸಿಕೊಂಡರು. ಹೆರಿಗೆಯಾದ ನಲವತ್ತು ದಿನ ಹೊಸಿಲು ದಾಟಬಾರದೆನ್ನುವ ಮನೆತನದ ಹೆಣ್ಣುಮಗಳು ಎರಡು ದೇಶಗಳ ಸರಕಾರಗಳನ್ನು ಪ್ರಶ್ನಿಸುತ್ತಿದ್ದಳು. ಆಕೆಯ ಧ್ವನಿ ಏರಲಿಲ್ಲ. ಬೈಗುಳ ಬರಲಿಲ್ಲ. ನನ್ನ ಗಂಡ ತಪ್ಪು ಮಾಡಿದ್ದರೆ ತೋರಿಸಿ, ಇಲ್ಲವಾದರೆ ಬಿಡಿ ಎಂಬುದೇ ಆಕೆಯ ಮಾತಿನ ಸಾರ.

ಆ ಧ್ವನಿ ದಿಲ್ಲಿಗೂ ಕೇಳಿಸಿತು. ಪ್ರಧಾನಿ ಮನಮೋಹನ ಸಿಂಗ್, ಹನೀಫ್‌ರ ಮನೆಯವರ ಸಂಕಟ ಕಂಡು ತಮಗೆ ನಿದ್ರೆ ಬರಲಿಲ್ಲ ಎಂದರು. ಅದಕ್ಕೆ ಕೆಲವರು ಅವರನ್ನು ಗೇಲಿ ಮಾಡಿದರು. ನನಗೇನೋ ಆ ಮಾತು ಪ್ರಧಾನಿಯೊಬ್ಬರ ಬಾಯಿಂದ ಬರಬೇಕಾದ ಮಾತೇ ಅನ್ನಿಸಿತ್ತು. ಇಂದಿಗೂ ಹಾಗೆಯೇ ಅನ್ನಿಸುತ್ತದೆ. ವಿದೇಶಾಂಗ ಇಲಾಖೆಯೂ ಆಸ್ಟ್ರೇಲಿಯದ ಹೈಕಮಿಷನರನ್ನು ಕರೆಸಿ, ನಮ್ಮ ಪ್ರಜೆಯನ್ನು ನ್ಯಾಯವಾಗಿ ನಡೆಸಿಕೊಳ್ಳಬೇಕೆಂದು ಕಳವಳ ತಿಳಿಸಿತು. ವಿದೇಶಾಂಗ ನೀತಿ ಎಂದರೆ ತೈಲ, ಶಸ್ತ್ರಾಸ್ತ್ರ, ಶೃಂಗಸಭೆಗಳ ಕೈಕುಲುಕಾಟ ಎಂದು ನಾವು ಪತ್ರಿಕೆಯ ಆ ಪುಟವನ್ನು ಮಗುಚಿಬಿಡುತ್ತೇವೆ. ಮೂಡಿಗೆರೆಯ ಹುಡುಗನೊಬ್ಬ ಬ್ರಿಸ್ಬೇನ್‌ನ ಕೋಣೆಯಲ್ಲಿ ಒಬ್ಬನೇ ಕೂತಿದ್ದಾಗ ಅವನ ಪರವಾಗಿ ಯಾರು ಯಾರಿಗೆ ಫೋನ್ ಮಾಡುತ್ತಾರೆ ಎಂಬುದೂ ವಿದೇಶಾಂಗ ನೀತಿಯೇ.

ಅಲ್ಲಿ ಹನೀಫ್‌ರ ಪರ ನಿಂತವರು ಪೀಟರ್ ರುಸ್ಸೊ ಮತ್ತು ಸ್ಟೀಫನ್ ಕೀಮ್ ಎಂಬ ಇಬ್ಬರು ವಕೀಲರು. ಇಬ್ಬರಿಗೂ ಮೂಡಿಗೆರೆ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಸರಕಾರದ ಕಡೆಯಿಂದ ಅರ್ಧಂಬರ್ಧ ಸುದ್ದಿಗಳು ಸೋರಿಹೋಗುತ್ತಿದ್ದುದನ್ನು ಕಂಡು ಕೀಮ್, ಪೊಲೀಸ್ ವಿಚಾರಣೆಯ ಪೂರ್ತಿ ದಾಖಲೆಯನ್ನೇ ಪತ್ರಿಕೆಗೆ ಕೊಟ್ಟರು. ಜನ ಅದನ್ನು ಓದಿದರು. ಭಯಂಕರ ಸಂಚುಗಾರನ ಬದಲು ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರಿಸುವ ಒಬ್ಬ ದಣಿದ ಡಾಕ್ಟರನ್ನು ಕಂಡರು. ಜುಲೈ 27ರಂದು ಆರೋಪ ಹಿಂತೆಗೆದರು. ಜುಲೈ 29ರಂದು ಹನೀಫ್ ಬೆಂಗಳೂರಿಗೆ ಬಂದಿಳಿದರು.

ಸಾಮಾನ್ಯವಾಗಿ ನಮ್ಮ ಕಥೆಗಳು ಇಲ್ಲಿಗೆ ಮುಗಿಯುತ್ತವೆ. ಬಿಟ್ಟರಲ್ಲ, ಅಲ್‌ಹಮ್ದುಲಿಲ್ಲಾಹ್, ಇನ್ನೇನು ಬೇಕು ಎಂದು ಮನೆಯ ಹಿರಿಯರು ಹೇಳುತ್ತಾರೆ. ಹನೀಫ್ ಹಾಗೆ ಬಿಡಲಿಲ್ಲ. ವೀಸಾ ರದ್ದು ತಪ್ಪೆಂದು ವಾದಿಸಿದರು. ಆಗಸ್ಟ್ 21ರಂದು ಆಸ್ಟ್ರೇಲಿಯದ ಫೆಡರಲ್ ನ್ಯಾಯಾಲಯ ಸಚಿವರ ಆದೇಶವನ್ನು ತಳ್ಳಿಹಾಕಿತು. ಸರಕಾರದ ಮೇಲ್ಮನವಿಯೂ ಡಿಸೆಂಬರ್‌ನಲ್ಲಿ ಬಿದ್ದುಹೋಯಿತು. ಅಷ್ಟರಲ್ಲಿ ಚುನಾವಣೆ ನಡೆದು ಹೊಸ ಸರಕಾರ ಬಂದಿತ್ತು. ಅದು ನಿವೃತ್ತ ನ್ಯಾಯಾಧೀಶ ಜಾನ್ ಕ್ಲಾರ್ಕ್‌ರನ್ನು ವಿಚಾರಣೆಗೆ ನೇಮಿಸಿತು. 2008ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅವರ ವರದಿ, ಹನೀಫ್‌ರ ಮೇಲೆ ಆರೋಪ ಹೊರಿಸಲೇಬಾರದಿತ್ತು, ಅದಕ್ಕೆ ಬೇಕಾದ ಸಾಕ್ಷ್ಯವೇ ಇರಲಿಲ್ಲ ಎಂದಿತು. ಹನೀಫ್‌ಗೆ ದಾಳಿಯ ಮುನ್ಸೂಚನೆ ಇತ್ತೆಂಬುದಕ್ಕೆ ಯಾವ ಮಾಹಿತಿಯೂ ಇಲ್ಲವೆಂದು ಅಲ್ಲಿನ ಬೇಹುಗಾರಿಕಾ ಸಂಸ್ಥೆಯೇ ಆರೋಪ ಹೊರಿಸುವ ಮೊದಲೇ ಸರಕಾರಕ್ಕೆ ಬರೆದುಕೊಟ್ಟಿತ್ತಂತೆ. 2010ರ ಕೊನೆಯಲ್ಲಿ ಆಸ್ಟ್ರೇಲಿಯ ಅವರಿಗೆ ಪರಿಹಾರ ಕೊಟ್ಟಿತು. ಅದೇ ವರ್ಷ ಕಾನೂನನ್ನೂ ತಿದ್ದಿ, ಆ ಲೆಕ್ಕಕ್ಕೆ ಸಿಗದ ಸಮಯಕ್ಕೆ ಏಳು ದಿನಗಳ ಮಿತಿ ಹಾಕಿದರು. ಏಳು ದಿನವೂ ಹೆಚ್ಚೇ ಎಂದು ನಾನಂದುಕೊಳ್ಳುತ್ತೇನೆ. ಆದರೂ ಒಂದು ಸರಕಾರ ತನ್ನ ತಪ್ಪನ್ನು ತಾನೇ ತೆರೆದು ನೋಡಿತು.

ಹನೀಫ್‌ರನ್ನು ಯಾರೂ ಹೊಡೆಯಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಹೊಡೆತ ತಿಂದವರ ಕಥೆ ಬೇರೆ. ಅದನ್ನು ಕೇಳಲು ನಾವು ಕೆನಡಕ್ಕೆ ಹೋಗಬೇಕು.

ಮಾಹೆರ್ ಅರಾರ್ ಸಿರಿಯಾದಲ್ಲಿ ಹುಟ್ಟಿ ಕೆನಡದ ಪ್ರಜೆಯಾದ ಇಂಜಿನಿಯರ್. 2002ರ ಸೆಪ್ಟೆಂಬರ್‌ನಲ್ಲಿ ಹೆಂಡತಿ ಮಕ್ಕಳನ್ನು ಟ್ಯುನೀಷಿಯಾದ ತವರಿನಲ್ಲಿ ಬಿಟ್ಟು, ಕೆಲಸಕ್ಕಾಗಿ ಒಬ್ಬರೇ ಹಿಂದಿರುಗುತ್ತಿದ್ದರು. ನ್ಯೂಯಾರ್ಕ್‌ನಲ್ಲಿ ವಿಮಾನ ಬದಲಿಸುವಾಗ ಅಮೇರಿಕದವರು ಹಿಡಿದರು. ಕೆನಡದ ಪೊಲೀಸರು ಕೊಟ್ಟ ತಪ್ಪು ಮಾಹಿತಿ ಅದರ ಹಿಂದಿತ್ತು. ಅಮೇರಿಕ ಅವರನ್ನು ಕೆನಡಕ್ಕೆ ಕಳಿಸಲಿಲ್ಲ, ತನ್ನ ನ್ಯಾಯಾಲಯಕ್ಕೂ ಒಪ್ಪಿಸಲಿಲ್ಲ. ವಿಮಾನ ಹತ್ತಿಸಿ ಜೋರ್ಡಾನ್ ಮೂಲಕ ಸಿರಿಯಾಕ್ಕೆ ಸಾಗಿಸಿತು. ಹಿಂಸೆ ಕೊಡುವುದಿಲ್ಲವೆಂದು ಸಿರಿಯಾ ಮಾತು ಕೊಟ್ಟಿದೆ ಎಂದು ಆಮೇಲೆ ಹೇಳಿಕೊಂಡಿತು. ಗೋರಿಯಷ್ಟೇ ಅಗಲದ, ಮೂರಡಿಯ ಒಂದು ಕತ್ತಲ ಕೋಣೆಯಲ್ಲಿ ಹತ್ತು ತಿಂಗಳಿಗೂ ಹೆಚ್ಚು ಕಾಲ ಅವರನ್ನು ಇಟ್ಟರು. ಕೇಬಲ್ಲಿನಿಂದ ಹೊಡೆದರು. ಹೊಡೆತ ತಾಳಲಾರದೆ, ತಾನು ಅಫ್ಘಾನಿಸ್ತಾನಕ್ಕೆ ಹೋಗಿದ್ದೆ ಎಂದು ಸುಳ್ಳು ಒಪ್ಪಿಕೊಂಡರು. ಅವರು ಅಲ್ಲಿಗೆ ಹೋದದ್ದೇ ಇಲ್ಲ.

ಇಲ್ಲಿ ಒಂದು ಕಹಿ ಮಾತನ್ನು ಹೇಳದೆ ಮುಂದೆ ಹೋಗಲಾರೆ. ಕೇಬಲ್ ಹಿಡಿದ ಕೈಗಳು ಅಮೇರಿಕದವರದ್ದಲ್ಲ. ಸಲಾಂ ಹೇಳಿ ಬಾಗಿಲು ತೆರೆಯುವವರದ್ದೇ. ಅಬೂ ಗುರೈಬ್ ಜೈಲಿನ ಚಿತ್ರಗಳನ್ನು 2004ರಲ್ಲಿ ನೋಡಿ ನಾವು ಅತ್ತೆವು, ಅಳಬೇಕಾದ್ದೇ. ಆದರೆ ಡಮಾಸ್ಕಸ್‌ನ ನೆಲಮಾಳಿಗೆಗಳ ಬಗ್ಗೆ ನಮ್ಮ ಸಭೆಗಳಲ್ಲಿ ಆಗ ಎಷ್ಟು ಜನ ಮಾತಾಡಿದರು? 2024ರ ಡಿಸೆಂಬರ್‌ನಲ್ಲಿ ಅಸದ್ ಓಡಿಹೋಗಿ ಸೈದ್ನಾಯ ಜೈಲಿನ ಬಾಗಿಲು ತೆರೆದಾಗ, ಮಗನ ಫೋಟೋ ಹಿಡಿದು ಬಂದ ತಾಯಂದಿರನ್ನು ಟಿವಿಯಲ್ಲಿ ಕಂಡೆವು. ಅವರು ವರ್ಷಗಟ್ಟಲೆ ಕಾದವರು.

ಅದೇ ಶಾಮ್ ದೇಶದ ಒಂದು ಹಳೆಯ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ನಾವು ಮದ್ರಸದಲ್ಲಿ ಓದಿದ್ದೆವು. ಕಂದಾಯ ಕಟ್ಟದ ಕೆಲವು ರೈತರನ್ನು ಬಿಸಿಲಲ್ಲಿ ನಿಲ್ಲಿಸಿ ತಲೆಗೆ ಎಣ್ಣೆ ಸುರಿಯಲಾಗಿತ್ತು. ಅವರು ಮುಸ್ಲಿಮರಲ್ಲ. ಆ ದಾರಿಯಲ್ಲಿ ಬಂದ ಸಹಾಬಿ ಹಿಶಾಮ್ ಬಿನ್ ಹಕೀಮ್(ರ) ಏನಿದು ಎಂದು ವಿಚಾರಿಸಿದರು. ನಂತರ ನೇರವಾಗಿ ಗವರ್ನರ್ ಬಳಿ ಹೋಗಿ, ಜನರನ್ನು ಹಿಂಸಿಸುವವರ ಬಗ್ಗೆ ಪ್ರವಾದಿಯವರು(ಸ) ಕೊಟ್ಟಿದ್ದ ಎಚ್ಚರಿಕೆಯನ್ನು ತಿಳಿಸಿದರು. ಗವರ್ನರ್ ಅವರನ್ನು ಬಿಡಿಸಿದರು. ಬಿಸಿಲಲ್ಲಿ ನಿಂತವರ ಧರ್ಮ ಯಾವುದು, ಅವರು ನಿಜವಾಗಿ ಕಂದಾಯ ಬಾಕಿ ಇಟ್ಟಿದ್ದರೋ ಇಲ್ಲವೋ ಎಂಬುದನ್ನು ಹಿಶಾಮ್(ರ) ಚರ್ಚಿಸಲೇ ಇಲ್ಲ. ಈ ಹದೀಸನ್ನು ಮಕ್ಕಳಿಗೆ ಕಲಿಸುವಾಗ ನಾನು ಆ ಮಾತಿನ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಅರಾರ್‌ರನ್ನು ಬಿಡಿಸಿದ್ದು ಯಾರು ಗೊತ್ತೇ? ಅವರ ಪತ್ನಿ ಮೋನಿಯಾ ಮಜೀಗ್. ಹಿಜಾಬ್ ಧರಿಸುವ, ಪಿಎಚ್.ಡಿ. ಮಾಡಿದ, ಎರಡು ಎಳೆಯ ಮಕ್ಕಳ ತಾಯಿ. ಕೆನಡದ ಸಂಸತ್ತಿನ ಮುಂದೆ ಗಂಡನ ಚಿತ್ರ ಹಿಡಿದು ನಿಂತರು. ಸಂಸದರ ಬಾಗಿಲು ಬಡಿದರು, ಪತ್ರ ಬರೆದರು, ಪತ್ರಕರ್ತರನ್ನು ಕಂಡರು. ಆಕೆಯನ್ನೂ ಪೊಲೀಸರು ಅನುಮಾನದ ಪಟ್ಟಿಗೆ ಸೇರಿಸಿದ್ದರು ಎಂಬುದು ಆಮೇಲೆ ತಿಳಿಯಿತು. 2003ರ ಅಕ್ಟೋಬರ್‌ನಲ್ಲಿ ಅರಾರ್ ಮನೆಗೆ ಬಂದರು. ನ್ಯಾಯಮೂರ್ತಿ ಡೆನಿಸ್ ಓಕಾನರ್ ಅವರ ಆಯೋಗ 2006ರಲ್ಲಿ ಅವರನ್ನು ಪೂರ್ತಿ ನಿರ್ದೋಷಿ ಎಂದಿತು. ಆ ವರ್ಷವೇ ಕೆನಡದ ಪೊಲೀಸ್ ಮುಖ್ಯಸ್ಥರು ರಾಜೀನಾಮೆ ಕೊಡಬೇಕಾಯಿತು. 2007ರ ಜನವರಿಯಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ಕ್ಷಮೆ ಕೇಳಿದರು. ಒಂದು ಕೋಟಿ ಐದು ಲಕ್ಷ ಕೆನಡ ಡಾಲರ್ ಪರಿಹಾರ ನೀಡಲಾಯಿತು. ಅಮೇರಿಕದ ನ್ಯಾಯಾಲಯಗಳು ಮಾತ್ರ ಅರಾರ್‌ರ ದೂರನ್ನು ಕೇಳಲೂ ಒಪ್ಪಲಿಲ್ಲ. ಆ ದೇಶದ ಸೆನೆಟ್ ಸಮಿತಿಯೇ 2014ರಲ್ಲಿ ಹೊರತಂದ ವರದಿಯ ಪ್ರಕಾರ ಸಿಐಎ ರಹಸ್ಯ ಜೈಲುಗಳಲ್ಲಿ ಕನಿಷ್ಠ 119 ಜನರಿದ್ದರು. ಅವರಲ್ಲಿ ಕನಿಷ್ಠ 26 ಮಂದಿಯನ್ನು ಹಿಡಿದದ್ದೇ ತಪ್ಪು. ಇದಕ್ಕೆ ಅನುಮತಿ ಕೊಟ್ಟ ದೊಡ್ಡ ಅಧಿಕಾರಿಗಳ ಪೈಕಿ ಯಾರೂ ಕಟಕಟೆ ಹತ್ತಲಿಲ್ಲ.

ಇನ್ನು ನಮ್ಮ ಮನೆಗೆ ಬರೋಣ. ಪರರ ಅಂಗಳದ ಕಸ ಎಣಿಸುವುದು ಸುಲಭ.

ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದ 1984ರ ಡಿಸೆಂಬರ್ 10ರಂದು ಅಂಗೀಕಾರವಾಯಿತು. ಭಾರತ ಅದಕ್ಕೆ 1997ರ ಅಕ್ಟೋಬರ್‌ನಲ್ಲಿ ಸಹಿ ಹಾಕಿತು. ಸಹಿ ಎಂದರೆ ನಿಶ್ಚಿತಾರ್ಥವಿದ್ದಂತೆ. ಅನುಮೋದನೆ ಎಂಬ ನಿಕಾಹ್ ಇದುವರೆಗೂ ಆಗಿಲ್ಲ. 2010ರಲ್ಲಿ ಲೋಕಸಭೆ ಚಿತ್ರಹಿಂಸೆ ತಡೆ ಮಸೂದೆಯನ್ನು ಅಂಗೀಕರಿಸಿತು. ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಕಳಿಸಿತು. 2014ರಲ್ಲಿ ಲೋಕಸಭೆಯ ಅವಧಿ ಮುಗಿದು ಮಸೂದೆಯೂ ಮುಗಿಯಿತು. 2017ರಲ್ಲಿ ಕಾನೂನು ಆಯೋಗ ತನ್ನ 273ನೆಯ ವರದಿಯಲ್ಲಿ, ಒಪ್ಪಂದವನ್ನು ಅನುಮೋದಿಸಿ, ಇಗೋ ಕರಡು ಮಸೂದೆ ಎಂದು ಕೈಯಲ್ಲಿಟ್ಟಿತು. ಅದು ಕಾನೂನಾಗಲಿಲ್ಲ. ಈ ವಿಷಯದಲ್ಲಿ ಆ ಪಕ್ಷ, ಈ ಪಕ್ಷ ಎಂಬ ಭೇದವಿಲ್ಲ. ಎರಡೂ ಸರಕಾರಗಳಿಗೆ ಬಿಡುವಾಗಲಿಲ್ಲ.

ಇದರಿಂದ ನಷ್ಟ ಯಾರಿಗೆ? ಲಾಕಪ್ಪಿನಲ್ಲಿ ಏಟು ತಿನ್ನುವ ಬಡವನಿಗೆ ಮಾತ್ರವೇ ಅಲ್ಲ. 1995ರ ಪುರುಲಿಯಾ ಶಸ್ತ್ರಾಸ್ತ್ರ ಪ್ರಕರಣದ ಆರೋಪಿ, ಕಿಮ್ ಡೇವಿ ಎಂಬ ಹೆಸರಿನ ಡೆನ್ಮಾರ್ಕ್ ಪ್ರಜೆಯನ್ನು ಕೊಡಿ ಎಂದು ಭಾರತ ಕೇಳಿತು. ಅಲ್ಲಿ ಹಿಂಸೆಯ ಅಪಾಯವಿದೆ ಎಂದು 2011ರಲ್ಲಿ ಡೆನ್ಮಾರ್ಕಿನ ನ್ಯಾಯಾಲಯ ನಿರಾಕರಿಸಿತು. 2024ರಲ್ಲಿ ಇನ್ನೊಮ್ಮೆ ನಿರಾಕರಿಸಿತು. 2025ರ ಫೆಬ್ರವರಿಯಲ್ಲಿ ಲಂಡನ್ನಿನ ಹೈಕೋರ್ಟ್ ಶಸ್ತ್ರಾಸ್ತ್ರ ದಲ್ಲಾಳಿ ಸಂಜಯ್ ಭಂಡಾರಿಯ ವಿಷಯದಲ್ಲೂ ಇಂಥದೇ ಕಾರಣ ನೀಡಿ ಗಡೀಪಾರಿಗೆ ಒಪ್ಪಲಿಲ್ಲ. ನಮ್ಮ ಠಾಣೆ, ಜೈಲುಗಳ ಗೋಡೆಗಳ ಒಳಗೆ ನಡೆಯುವುದು ಹೀಗೆ ದೇಶದ ಮಾನವಾಗಿ ಹೊರಗೆ ಹರಾಜಾಗುತ್ತದೆ. ಹನೀಫ್‌ಗಾಗಿ ಆಸ್ಟ್ರೇಲಿಯವನ್ನು ಪ್ರಶ್ನಿಸಿದ ನಮ್ಮ ಸರಕಾರಕ್ಕೆ, ನಾಳೆ ಇನ್ನೊಬ್ಬ ಹನೀಫ್‌ಗಾಗಿ ಕೇಳುವಾಗ ಧ್ವನಿ ಗಟ್ಟಿಯಾಗಿರಬೇಡವೇ?

ನಮ್ಮ ಗುಲ್ಬರ್ಗದ ನಿಸಾರುದ್ದೀನ್ ಅಹ್ಮದ್ ಫಾರ್ಮಸಿ ಓದುತ್ತಿದ್ದ ಹುಡುಗ. 1994ರ ಜನವರಿಯಲ್ಲಿ, ರೈಲು ಬಾಂಬ್ ಸ್ಫೋಟಗಳ ತನಿಖೆಯಲ್ಲಿ ಹಿಡಿದರು. ಅವರ ವಿರುದ್ಧ ಇದ್ದ ಮುಖ್ಯ ಆಧಾರ ಪೊಲೀಸ್ ವಶದಲ್ಲಿ ಬರೆಸಿಕೊಂಡ ತಪ್ಪೊಪ್ಪಿಗೆ. 2016ರ ಮೇ 11ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ ಅವರನ್ನು ಬಿಡುಗಡೆ ಮಾಡಿತು. 22 ವರ್ಷಕ್ಕೂ ಹೆಚ್ಚು! ಹನೀಫ್‌ರ 27 ದಿನಗಳಿಗೆ ಒಂದು ವಿಚಾರಣಾ ಆಯೋಗ, ಪರಿಹಾರ, ಕಾನೂನು ತಿದ್ದುಪಡಿ. ನಿಸಾರ್‌ರ 22 ವರ್ಷಗಳಿಗೆ ಕ್ಲಾರ್ಕ್‌ರಂಥವರನ್ನು ಯಾರೂ ನೇಮಿಸಲಿಲ್ಲ. ಅವರನ್ನು ಬಿಟ್ಟದ್ದು ನಮ್ಮದೇ ನ್ಯಾಯಾಲಯ ಎಂಬುದನ್ನು ಮರೆಯಬಾರದು. ಅಲ್ಲಿಗೆ ತಲುಪಲು ಅವರ ಯೌವನ ಖರ್ಚಾಯಿತು ಎಂಬುದನ್ನೂ.

ಇವೆಲ್ಲ ಹೇಳಿ ನಿಮ್ಮನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. ಗುಬ್ಬಿಯ ಆ ತಾಯಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಸಿಮ್ ಯಾರ ಹೆಸರಿನಲ್ಲಿದೆಯೋ ಅವರೇ ಬಳಸಲಿ; ಬೇಡವಾದರೆ ಅಂಗಡಿಗೆ ಹೋಗಿ ರದ್ದು ಮಾಡಿಸಲಿ. ಮಗನ ಪಾಸ್‌ಪೋರ್ಟ್, ವೀಸಾ, ಕಂಪೆನಿಯ ಕರಾರು ಪತ್ರ ಇವುಗಳ ನಕಲು ನಿಮ್ಮ ಕೈಯಲ್ಲಿರಲಿ, ಅವನ ಮೊಬೈಲಿನಲ್ಲಿ ಮಾತ್ರ ಅಲ್ಲ. ಬೇರೆ ದೇಶದಲ್ಲಿ ಬಂಧನವಾದರೆ ತನ್ನ ದೇಶದ ರಾಯಭಾರ ಕಚೇರಿಗೆ ತಿಳಿಸಿ ಎಂದು ಕೇಳುವ ಹಕ್ಕು 1963ರ ವಿಯೆನ್ನಾ ಒಪ್ಪಂದದಿಂದ ಪ್ರತಿಯೊಬ್ಬನಿಗೂ ಇದೆ. ಆ ಒಂದು ವಾಕ್ಯವನ್ನು ಹುಡುಗನಿಗೆ ಹೇಳಿಕೊಡಿ. ಊರಲ್ಲಿದ್ದೇ ದೂರು ಕೊಡಲು ವಿದೇಶಾಂಗ ಇಲಾಖೆಯ 'ಮದದ್' ವ್ಯವಸ್ಥೆ 2015ರಿಂದ ಇದೆ. ಇಲ್ಲಿಯೇ ಯಾರನ್ನಾದರೂ ಪೊಲೀಸರು ಕರೆದೊಯ್ದರೆ, 1996ರ ಡಿ.ಕೆ. ಬಸು ತೀರ್ಪಿನ ಪ್ರಕಾರ ಬಂಧನದ ಪತ್ರಕ್ಕೆ ಸಾಕ್ಷಿಯ ಸಹಿ ಇರಬೇಕು, ಮನೆಯವರಿಗೆ ತಿಳಿಸಬೇಕು, 48 ಗಂಟೆಗೊಮ್ಮೆ ವೈದ್ಯರ ತಪಾಸಣೆ ಆಗಬೇಕು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬುದು ಸಂವಿಧಾನದ ಮಾತು. ಠಾಣೆಯ ಬಾಗಿಲಲ್ಲಿ ಅಳುವ ತಾಯಿಯ ಜೊತೆ ಇಷ್ಟು ಗೊತ್ತಿರುವ ಒಬ್ಬ ಹೆಣ್ಣುಮಗಳೂ ನಿಂತಿದ್ದರೆ ಎದುರಿಗಿರುವವರ ಮಾತಿನ ಧಾಟಿಯೇ ಬದಲಾಗುತ್ತದೆ. ನಾನು ಕಣ್ಣಾರೆ ಕಂಡಿದ್ದೇನೆ.

ಆ ತಾಯಿ ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ, "ಆ ಡಾಕ್ಟರ್ ಮಗು ಈಗ ಎಷ್ಟು ದೊಡ್ಡದಾಗಿರಬಹುದು ಆಪಾ?" ಎಂದರು. ಬೆರಳು ಮಡಚಿ ಎಣಿಸಿ, ಹದಿನೇಳು ದಾಟಿರಬೇಕು ಎಂದೆ. ನನ್ನ ಮಗನಿಗಿಂತ ಮೂರೋ ನಾಲ್ಕೋ ವರ್ಷ ಚಿಕ್ಕದು ಎಂದುಕೊಂಡರು. ತುಮಕೂರಿನ ಬಸ್ಸಿಗೆ ಹೊತ್ತಾಗಿತ್ತು, ಎದ್ದೆ. ಎರಡು ದಿನ ಬಿಟ್ಟು ಅವರದೇ ಫೋನ್ ಬಂತು. ಹುಡುಗ ಸಿಮ್ಮನ್ನು ಅಂಗಡಿಗೆ ಒಯ್ದು ರದ್ದು ಮಾಡಿಸಿದನಂತೆ. ಕುಣಿಗಲ್ಲಿನ ತಮ್ಮನಿಗೆ ಸ್ವಲ್ಪ ಮುನಿಸು. ಅಬೂಧಾಬಿಯ ಭಾರತೀಯ ರಾಯಭಾರ ಕಚೇರಿಯ ನಂಬರನ್ನು ಮಗ ಹುಡುಕಿಕೊಟ್ಟಿದ್ದಾನೆ, ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಗ್ಯಾಸ್ ಏಜೆನ್ಸಿಯ ನಂಬರಿನ ಕೆಳಗೆ ಬರೆದಿಟ್ಟಿದ್ದೇನೆ ಎಂದರು.